ಕ್ಲೋಸ್ ನೆಕ್ ಕುರ್ತಾ ಮತ್ತು ಡಾಕ್ಟರ್ ಕಾಕಾ

ನಾಸಿಕದ ದೇವಳಾಲಿ ಕ್ಯಾಂಪಿನ ನನ್ನ ಟೈಲರ್ ನನ್ನನ್ನು ಭಾರೀ ಸಂಪ್ರದಾಯಸ್ಥೆ ಎಂದು ತಿಳಿದಿದ್ದಾನೆ. ಬಟ್ಟೆ ಕೈಗೆ ಕೊಟ್ಟರೆ ಸಾಕು, ಟೇಪು ತೆಗೆಯುವ ಮೊದಲೇ 'ಕ್ಲೋಸ್ ನೆಕ್, ಅಲ್ವಾ ದೀದಿ?' ಅನ್ನುತ್ತಾನೆ. ನಡುಬೇಸಿಗೆಯಲ್ಲೂ ಅದೇ. ನಾನು ತಿದ್ದಲು ಹೋಗಿಲ್ಲ. ಸಂಪ್ರದಾಯ ಅಂದುಬಿಟ್ಟರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಎಷ್ಟು ಅನುಕೂಲ!

ಸಂಗತಿ ಬೇರೆ. ನಾನು ಚಿಕ್ಕವಳಿದ್ದಾಗ ನನ್ನ ಹೃದಯದಲ್ಲಿದ್ದ ತೂತನ್ನು ಔರಂಗಾಬಾದಿನ ಸರ್ಜನ್ ಒಬ್ಬರು ಹೊಲಿದರು. ಅದರ ಗುರುತು ಎದೆಯ ನಟ್ಟನಡುವೆ ಇದೆ. (ಇದನ್ನು ಬರೆಯುತ್ತಿದ್ದೇನೆಂದು ಅಮ್ಮನಿಗೆ ಹೇಳಿಲ್ಲ. ಅವರು ಈ ಅಂಕಣ ಓದುತ್ತಾರೆ, ಹಾಗಾಗಿ ಹೇಳುವ ಅಗತ್ಯವೂ ಇಲ್ಲ.)

ಆ ಸರ್ಜನ್ ಕಲಬುರಗಿ ಕಡೆಯವರು. ನಮಗೆ ಡಾಕ್ಟರ್ ಕಾಕಾ. ಹೃದಯದ ಆಪರೇಷನ್ ಎಂದರೆ ಮುಂಬೈ ರೈಲು ಹತ್ತಬೇಕಿದ್ದ ಕಾಲದಲ್ಲಿ, ಅಲ್ಲಿನ ದೊಡ್ಡ ಕೆಲಸ ಬಿಟ್ಟು ಆ ಆಪರೇಷನ್ನನ್ನು ಔರಂಗಾಬಾದಿಗೆ ತಂದವರು. ಆಪರೇಷನ್ ಮಾಡುವುದು ಅವರಿಗೆ ಕಷ್ಟವಾಗಲಿಲ್ಲ, ಜನರನ್ನು ಒಪ್ಪಿಸುವುದೇ ಕಷ್ಟವಾಯಿತಂತೆ. ಎದೆ ತೆರೆದು, ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಶುರು ಮಾಡುತ್ತೇನೆ ಎಂದರೆ ಯಾರು ನಂಬುತ್ತಾರೆ? ನೀವು ನಂಬುತ್ತಿದ್ದಿರಾ?

ಚಿತ್ರ ಬರೆದು ತೋರಿಸಿದರು. ಪ್ಲಾಸ್ಟಿಕ್ಕಿನ ಹೃದಯ ಬಿಚ್ಚಿ ತೋರಿಸಿದರು. ಜನ ಗೌರವದಿಂದ ತಲೆಯಾಡಿಸಿ ಮನೆಗೆ ಹೋದರು. ಕೊನೆಗೆ ಅವರು ಬೇರೆ ದಾರಿ ಹಿಡಿದರು. ವಾಸಿಯಾದವರನ್ನೇ ಕರೆಸಿ ಹೊಸಬರ ಪಕ್ಕ ಕೂರಿಸುವುದು, ತಾವು ಎದ್ದು ಹೊರಗೆ ಹೋಗುವುದು.

ಈಗ ಅವರು ಕತ್ತರಿ ಕೆಳಗಿಟ್ಟಿದ್ದಾರೆ. ಶಿಷ್ಯರು ಆಪರೇಷನ್ ಮಾಡುತ್ತಾರೆ. ಕೂರಿಸುವ ಕೆಲಸ ಮಾತ್ರ ಬಿಟ್ಟಿಲ್ಲ. ಕಳೆದ ತಿಂಗಳು ನಾಸಿಕಕ್ಕೆ ಅವರ ಫೋನ್ ಬಂತು. ಸಿಲ್ಲೋಡಿನ ಒಬ್ಬ ತಾಯಿ. ಮಗಳಿಗೆ ನನ್ನಂಥದ್ದೇ ತೂತು. ಕರೆದುಕೊಂಡು ಬರುತ್ತಾಳೆ, ಹೆದರಿ ವಾಪಸ್ ಹೋಗುತ್ತಾಳೆ. ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಲಾಗದ ಹಂತ ಬಂದುಬಿಡಬಹುದು. ನಾನು ಏನು ಹೇಳಬೇಕು ಎಂದು ಕೇಳಿದೆ.

"ಸುಳ್ಳೊಂದು ಬಿಟ್ಟು ಏನರ ಹೇಳು. ನೋವಾಗಿತ್ತಲ್ಲ, ಅದನ್ನೂ ಹೇಳು."

ಭಾನುವಾರ ಔರಂಗಾಬಾದಿನ ಬಸ್ ಹತ್ತಿದೆ. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಆ ತಾಯಿ ಪರ್ಸನ್ನು ಮಡಿಲಲ್ಲಿ ಹಿಡಿದು, ಯಾವ ಕ್ಷಣದಲ್ಲಾದರೂ ಹೊರಡುವವಳಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಎರಡು ಜಡೆಯ ಮಗಳು. ಮಾತೆಲ್ಲ ಮರಾಠಿಯಲ್ಲಿ. ನೋವಾಯಿತಾ? ಆಯಿತು. ಮೆಟ್ಟಿಲು ಹತ್ತುತ್ತೀಯಾ? ಪಾಂಡವಲೇಣಿ ಗುಡ್ಡವನ್ನೇ ಹತ್ತಿದ್ದೇನೆ ಎಂದೆ. ಆಮೇಲೆ ಆ ತಾಯಿ ನನ್ನ ಕುರ್ತಾದ ಗುಂಡಿಗಳನ್ನೇ ನೋಡುತ್ತಿದ್ದಳು.

"ಎಲ್ಲಿ, ತೋರಿಸು," ಎಂದಳು.

ನನಗೆ ನೆನಪಾದದ್ದು ನಮ್ಮಜ್ಜಿ. ನನ್ನ ಆಪರೇಷನ್ನಿನ ಹಿಂದಿನ ದಿನ ಬೀದರಿನಿಂದ ಬಂದಿಳಿದ ಅಜ್ಜಿ ನೇರ ಡಾಕ್ಟರ್ ಎದುರು ನಿಂತು, "ಹೆಣ್ಣ ಕೂಸು ಅದರೀ ಸಾಹೇಬ್ರ, ಕಾಣಲಾರದ ಜಾಗಾದಾಗ ಕೊಯ್ರಿ," ಅಂದಿದ್ದರಂತೆ. ಅದಕ್ಕೆ ಡಾಕ್ಟರ್ ಕಾಕಾ, "ಅಜ್ಜೀ, ಮೊದಲ ನನಗ ಒಳಗಿಂದು ಛಂದ ಕಾಣ್ಲಿ. ಮಂದಿಗೆ ಕಾಣೋದು ಆಮ್ಯಾಲ ನೋಡೋಣು," ಅಂದರಂತೆ. ನಮ್ಮ ಮನೆಯಲ್ಲಿ ಈ ಮಾತಿಗೆ ಇವತ್ತೂ ನಗುತ್ತಾರೆ. ನಗದವಳು ನಾನೊಬ್ಬಳೇ.

ಎದ್ದು ಬಾಗಿಲ ಚಿಲಕ ಹಾಕಿ ಬಂದೆ. ಮೇಲಿನ ಗುಂಡಿಗಳನ್ನು ಬಿಚ್ಚಿದೆ. ಅವಳು ಮುಂದೆ ಬಾಗಿ, ಬೆರಳಿನಿಂದ ಗೆರೆಯನ್ನು ಮೇಲಿಂದ ಕೆಳಗೆ ಸವರಿದಳು. ಅಪರಿಚಿತರ ಬೆರಳು. ಆದರೂ ನಾನು ಹಿಂದೆ ಸರಿಯಲಿಲ್ಲ, ಯಾಕೋ ಗೊತ್ತಿಲ್ಲ.

"ಇಷ್ಟೇನಾ?" ಎಂದಳು.

ಅವಳು ಏನೇನು ಕಲ್ಪಿಸಿಕೊಂಡಿದ್ದಳೋ! ನನ್ನ ಗುಂಡಿಗಳನ್ನು ತಾನೇ ಹಾಕಿದಳು, ಶಾಲೆಗೆ ಹೊರಟ ಮಗುವಿಗೆ ಹಾಕುವಂತೆ. ಪರ್ಸನ್ನು ಕೆಳಗಿಟ್ಟಳು. ಆಪರೇಷನ್ ದಿನ ಮಗಳಿಗೆ ಎಷ್ಟು ಹೊತ್ತಿನಿಂದ ಉಪವಾಸ ಎಂದು ಕೇಳಿದಳು. ಹೊರಗೆ ಬೆಂಚಿನ ಮೇಲೆ ಕಡಲೆ ತಿನ್ನುತ್ತಿದ್ದ ಡಾಕ್ಟರ್ ಕಾಕಾಗೆ ವಿಷಯ ಹೇಳಿದಾಗ, "ಹೌದಾ?" ಎಂದು ನನ್ನ ಕೈಗೂ ನಾಲ್ಕು ಕಾಳು ಹಾಕಿದರು. ಅಷ್ಟೇ.

ಮೊನ್ನೆ ಮತ್ತೆ ಹೋಗಿದ್ದೆ. ಆಪರೇಷನ್ ಚೆನ್ನಾಗಿ ಆಗಿದೆ. ಹುಡುಗಿ ದಿಂಬಿಗೆ ಒರಗಿ ಕೂತು, ವಾರ್ಡಿಗೆ ಬಂದವರಿಗೆಲ್ಲ ಗುಂಡಿ ಬಿಚ್ಚಿ ಬ್ಯಾಂಡೇಜ್ ತೋರಿಸುತ್ತಿದ್ದಳು. ಪಕ್ಕದ ಬೆಡ್‌ನವರಿಗೆ, ಆಯಾಗೆ, ಚಹಾ ತಂದವನಿಗೂ. ತಾಯಿಗೆ ರೇಗಿತು. ಹೆಣ್ಣುಮಕ್ಕಳು ಇದನ್ನೆಲ್ಲ ಹೀಗೆ ತೋರಿಸಿಕೊಳ್ಳುತ್ತಾರಾ, ಮುಚ್ಚಿಕೋ ಎಂದು ಗದರಿದಳು.

ಹುಡುಗಿ ನನ್ನತ್ತ ಬೆರಳು ಮಾಡಿದಳು. "ಮತ್ತೆ ಈ ಅಕ್ಕನಿಗೆ ತೋರಿಸು ಅಂತ ನೀನೇ ಅಂದೆಯಲ್ಲ?"

ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡಿದರು. ಈಗ ನೀವೇ ಹೇಳಿ, ಕತ್ತಿನವರೆಗೆ ಗುಂಡಿ ಹಾಕಿಕೊಂಡು ನಿಂತಿದ್ದ ನಾನು ಯಾರ ಪರ ಮಾತಾಡಬೇಕಿತ್ತು?