ಮೂರನೇ ಕಾಲಮ್ಮಿನ ಸೋಲು

ಮೇಡಂ ಅವರ ಬೆರಳ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಉಬ್ಬಿ, ಒಂದೊಂದು ಒಂದೊಂದು ಕಡೆಗೆ ತಿರುಗಿಕೊಂಡಿದ್ದವು. ಬಲಗೈಯ ಕಿರುಬೆರಳಂತೂ ಪಕ್ಕದ ಬೆರಳಿನ ಮೇಲೆ ಒರಗಿ ಮಲಗಿಬಿಟ್ಟಿತ್ತು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಸವರಿ, ಎರಡೂ ಕೈಗಳನ್ನು ಕಿಟಕಿಯ ಬಿಸಿಲಿಗೆ ಚಾಚಿ ಕೂರುತ್ತಿದ್ದರು. ಸಾಕಿದ ಮುದಿ ಬೆಕ್ಕುಗಳೆರಡನ್ನು ಬಿಸಿಲಿಗೆ ಬಿಟ್ಟ ಹಾಗೆ ಕಾಣುತ್ತಿತ್ತು. ಗುಬ್ಬಿ, ನಿಟ್ಟೂರಿನ ಕಡೆಯ ಎಷ್ಟೋ ಜನಕ್ಕೆ ಟೈಪಿಂಗ್ ಕಲಿಸಿ ಆಫೀಸು ಸೇರಿಸಿದ ಕೈಗಳು ಅವು. ನನ್ನನ್ನೂ ಸೇರಿಸಿದ್ದು ಅವೇ.

ಗುಬ್ಬಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅವರ ಮನೆಯ ಹಜಾರವೇ ಇನ್‌ಸ್ಟಿಟ್ಯೂಟು. ಪಿಯುಸಿ ಮುಗಿಸಿ ನಿಟ್ಟೂರಿನಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದ ನಾನು ಮೊದಲೆರಡು ದಿನ ಎಡಗೈಯನ್ನು ದುಪಟ್ಟಾದೊಳಗೆ ಅಡಗಿಸಿಕೊಂಡೇ ಕೂತಿದ್ದೆ. ಚಿಕ್ಕವಳಿದ್ದಾಗ ಈಳಿಗೆ ಮಣೆಗೆ ಸಿಕ್ಕಿದ ಉಂಗುರದ ಬೆರಳು ಆಮೇಲೆ ಮಡಚುತ್ತಲೇ ಇರಲಿಲ್ಲ. ಮೂರನೇ ದಿನ ಮೇಡಂ ನನ್ನ ಹಿಂದೆ ಬಂದು ನಿಂತರು.

“ಏನೇ ಅದು, ಮುಚ್ಕೊಂಡಿರೋದು?”

“ಬೆರಳು ಮಡಚಕ್ಕೆ ಬರಲ್ಲ ಮೇಡಂ.”

ಅವರು ಆ ಬೆರಳನ್ನು ಹಿಡಿದು ನೋಡಿದರು. ಅವರ ತರಗತಿಯಲ್ಲಿ ಯಾವ ಅಕ್ಷರಕ್ಕೆ ಯಾವ ಬೆರಳೋ ಅದೇ ಹೋಗಬೇಕು. ಬೇರೆ ಬೆರಳು ಮುಟ್ಟಿದರೆ ಪೆನ್ಸಿಲ್ಲಿನಿಂದ ಗೆಣ್ಣಿಗೆ ಒಂದು ಬೀಳುತ್ತಿತ್ತು. ಅಂಥವರು ಮಾರನೇ ದಿನ ನನಗೆಂದೇ ಬೇರೆ ಚಾರ್ಟು ಬರೆದು ತಂದಿದ್ದರು. ಉಂಗುರದ ಬೆರಳು ಒತ್ತಬೇಕಿದ್ದ ಎಸ್, ಡಬ್ಲ್ಯು, ಎಕ್ಸ್ ಮೂರನ್ನೂ ನಡುಬೆರಳಿಗೆ ವಹಿಸಿದ್ದರು. ಪಕ್ಕದ ಮೆಷಿನ್ನಿನವಳು ಗೊಣಗಿದಳು. “ಅವಳಿಗೆ ಮಾತ್ರ ಯಾಕೆ ಮೇಡಂ ಬೇರೆ?”

“ಪೇಪರ್ ತಿದ್ದೋರು ಅಕ್ಷರ ನೋಡ್ತಾರೆ ಕಣೇ, ಬೆರಳು ಎಣಿಸಲ್ಲ. ನೀನು ನಿನ್ನ ಹಾಳೆ ನೋಡು.”

ನನಗೆ ಖುಷಿಯಾಯಿತು. ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಒಂದು ಅಕ್ಷರ ತಪ್ಪಿದ್ದಕ್ಕೆ ಇಡೀ ಪುಟವನ್ನು ನಾಲ್ಕು ಸಲ ಹೊಡೆಸಿದರು. ನಾನು ಅಳುಮುಖ ಮಾಡಿದಾಗ ಹೇಳಿದ್ದು ಇಷ್ಟೇ: “ದಾರಿ ಬೇರೆ ಮಾಡಿಕೊಟ್ಟಿದೀನಿ. ದೂರ ಕಮ್ಮಿ ಮಾಡಿಲ್ಲ.”

ಅವರ ಕಿವಿಯೂ ಹಾಗೇ ಇತ್ತು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಲೇ, “ಕಿಟಕಿ ಪಕ್ಕದ ಮೆಷಿನ್ನು, ತಪ್ಪು ಹೊಡೆದೆ!” ಎಂದು ಕೂಗುತ್ತಿದ್ದರು. ಕೀಲಿಗಳ ಸದ್ದಿನ ಲಯ ಕೆಟ್ಟರೆ ಅವರಿಗೆ ತಿಳಿದುಹೋಗುತ್ತಿತ್ತು. ಮದುವೆ ಆಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನನಗೆ ತುಮಕೂರಿನ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮನೆ ತುಮಕೂರಿಗೇ ಬಂತು. ಟೈಪಿಂಗ್ ಮೆಷಿನ್ನುಗಳ ಕಾಲ ಮುಗಿದು ಇನ್‌ಸ್ಟಿಟ್ಯೂಟು ಮುಚ್ಚಿತು. ಮೇಡಂ ಮನೆಯಲ್ಲಿ ಉಳಿದದ್ದು ಒಂದೇ ಒಂದು ಕಂಪ್ಯೂಟರು. ತಿಂಗಳಿಗೆರಡು ಭಾನುವಾರ ನಾನು ಗುಬ್ಬಿಗೆ ಹೋಗಿ ಅವರ ಜೊತೆ ಊಟ ಮಾಡಿ ಬರುವ ರೂಢಿ ಇಟ್ಟುಕೊಂಡಿದ್ದೆ. ಹಾಗೆ ಹೋದ ಒಂದು ಭಾನುವಾರ, ಬಾಗಿಲಲ್ಲೇ ಕತ್ತಿಗೆ ಕತ್ತಿ ತಾಗುವ ಸದ್ದು ಕೇಳಿತು. ಒಳಗೆ ಮೇಡಂ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಪರದೆ ನೋಡುತ್ತಿದ್ದರು. ಕಂಪ್ಯೂಟರ್ ರಿಪೇರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಆಟ ಹಾಕಿಕೊಟ್ಟು ಹೋಗಿದ್ದನಂತೆ.

ಮಂಜು ಮುಸುಕಿದ ಒಂದು ರಾಜ್ಯ. ಮೂವರು ಪ್ರಯಾಣಿಕರು: ಕತ್ತಿಯವಳು, ಬಿಲ್ಲಿನವನು, ಮದ್ದು ಅರೆಯುವ ಮುದುಕಿ. ಊರೂರು ಸುತ್ತಿ, ರಾಕ್ಷಸರನ್ನು ಎದುರಿಸಿ, ಕಳೆದುಹೋದ ಮಗುವೊಂದನ್ನು ಹುಡುಕಬೇಕು. ಯುದ್ಧ ಬಂದಾಗ ಸರದಿಯ ಮೇಲೆ ಆಟ. ನಾವು ಯೋಚಿಸಿ ಒಂದು ಹೊಡೆತ ಹೊಡೆಯುವವರೆಗೂ ಎದುರಿನವನು ಸುಮ್ಮನೆ ನಿಂತಿರುತ್ತಾನೆ.

“ಎಷ್ಟು ಮರ್ಯಾದಸ್ಥ ರಾಕ್ಷಸ ನೋಡೇ,” ಎಂದರು ಮೇಡಂ. “ನಾನು ಹೋಗಿ ಕಾಫಿ ಕುಡಿದು ಬಂದೆ. ಇನ್ನೂ ಕಾಯ್ತಾ ನಿಂತವ್ನೆ.”

ನಾನು ನಕ್ಕೆ. ಆದರೆ ಅವರಿಗೆ ಅದು ಹೊತ್ತು ಕಳೆಯುವ ವಿಷಯವಾಗಿರಲಿಲ್ಲ. ಸಂಧಿವಾತ ಕೈಗೆ ಹತ್ತಿದ ಮೇಲೆ ಒಂದೊಂದೇ ಕೆಲಸ ಬೇರೆಯವರ ಪಾಲಾಗಿತ್ತು. ಕಾಯಿ ತುರಿಯುವುದು ಕೆಲಸದವಳು, ಜಡೆ ಹೆಣೆಯುವುದು ಪಕ್ಕದ ಮನೆಯವರು, ನಾನು ಹೋದಾಗ ಸೀರೆಗೆ ಪಿನ್ನು ಹಾಕುವುದು ನಾನು. ಆಟದೊಳಗೆ ಮಾತ್ರ ಶುರುವಿನಿಂದ ಕೊನೆಯವರೆಗೂ ಎಲ್ಲ ಅವರ ಕೈಯಲ್ಲೇ ಇತ್ತು. ವರ್ಷದ ಮೇಲೆ ಆಡಿ ಮುಗಿಸಿದರು. ಮಗು ಸಿಕ್ಕಿರಲಿಲ್ಲ, ಅದು ಎರಡನೇ ಭಾಗಕ್ಕೆ ಉಳಿದಿತ್ತು. ಆ ಎರಡನೇ ಭಾಗಕ್ಕಾಗಿ ಅವರು ಕಾದಷ್ಟು ನಮ್ಮ ರಿಸಲ್ಟಿಗೂ ಕಾದಿರಲಿಲ್ಲ.

ಅದು ಬಂದಾಗ ಯುದ್ಧದ ರೀತಿಯನ್ನೇ ಬದಲಾಯಿಸಿಬಿಟ್ಟಿದ್ದರು. ಸರದಿ ಹೋಯಿತು. ರಾಕ್ಷಸ ಕಂಡವನೇ ಮೈಮೇಲೆ ಬೀಳುತ್ತಾನೆ. ಅದೇ ಕ್ಷಣಕ್ಕೆ ಒಂದು ಕೀಲಿ ಒತ್ತಿ ಪಕ್ಕಕ್ಕೆ ಸರಿಯಬೇಕು, ಇನ್ನೊಂದು ಒತ್ತಿ ಗುರಾಣಿ ಎತ್ತಬೇಕು. ಮೇಡಂ ಮೊದಲನೇ ಸೇತುವೆಯನ್ನೇ ದಾಟಲಾಗಲಿಲ್ಲ. ಎರಡು ವಾರ ಬಿಟ್ಟು ಹೋದಾಗಲೂ ಅದೇ ಸೇತುವೆ.

“ಈ ಸಲದವನಿಗೆ ಸಂಸ್ಕಾರ ಇಲ್ಲ ಕಣೇ,” ಎಂದು ನಗಲು ನೋಡಿದರು. ಬೆರಳುಗಳು ಕೆಂಪಾಗಿದ್ದವು.

ಬಾಯಿಗೆ ಬಂದದ್ದು ಆಡಿಬಿಟ್ಟೆ: “ಬಿಡಿ ಮೇಡಂ, ಆಟ ತಾನೇ. ಎಲ್ಲಿ ಒತ್ತಬೇಕು ಹೇಳಿ, ನಾನು ಒತ್ತಿ ದಾಟಿಸಿಕೊಡ್ತೀನಿ.”

“ನಿನ್ನ ಪರೀಕ್ಷೆ ದಿನ ನಿನ್ನ ಹಾಳೆ ನಾನು ಹೊಡೆದುಕೊಟ್ಟಿದ್ನಾ?”

ಎದ್ದು ಹೋಗಿ ಊಟಕ್ಕೆ ತಟ್ಟೆ ಹಾಕಿದರು. ಇವರಿಗೆ ಉಳಿದಿದ್ದ ಒಂದನ್ನೂ ನಾನು ಕೈಚಾಚಿ ಕೇಳಿದ್ದೆ ಎಂದು ತಿಳಿಯುವಷ್ಟರಲ್ಲಿ ನನ್ನ ರೈಲಿನ ಹೊತ್ತಾಗಿತ್ತು.

ಈ ಆಟ ಆಡುವವರದೇ ಒಂದು ಕನ್ನಡದ ಗುಂಪು ಫೋನಿನಲ್ಲಿತ್ತು. ಮೇಡಂ ಅದರಲ್ಲಿ ಇನ್‌ಸ್ಟಿಟ್ಯೂಟಿನ ಹೆಸರಿನಲ್ಲೇ ಸೇರಿದ್ದರು, ಹಾಗಾಗಿ ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೇ ಭಾಗ ಬಂದ ಮೇಲೆ ಅಲ್ಲಿ ಬೀದಿ ಜಗಳ. ಹಳೆಯ ಯುದ್ಧವೇ ಚೆಂದ, ಕಾಸು ವಾಪಸ್ ಕೊಡಿ ಎಂದು ಅರ್ಧ ಜನ. “ಇದು ಯುದ್ಧ ಗುರು, ಹಳೇದು ಪಗಡೆ ಆಟ” ಎಂದು ಇನ್ನರ್ಧ. ಬೆರಳು ಸಾಲುತ್ತಿಲ್ಲ ಎಂದು ಮೇಡಂ ಬರೆದದ್ದಕ್ಕೆ ಕುಣಿಗಲ್ಲಿನವನೊಬ್ಬ ಬರೆದಿದ್ದ: “ಏನ್ ಮಗಾ, ಕೈಗೆ ಬಳೆ ತೊಟ್ಕೊಂಡಿದೀಯಾ? ಆಗ್ದಿದ್ರೆ ಹೋಗಿ ಹಾವು ಏಣಿ ಆಡ್ಕೋ.”

ಇನ್ನೊಂದು ಭಾನುವಾರ ನಾನು ಹೋದಾಗ ಮೇಡಂ ಫೋನನ್ನು ನನ್ನ ಮುಂದೆ ಹಿಡಿದರು. “ಬಳೆ ತೊಟ್ಟಿರೋದು ಇವನಿಗೆ ಹೇಗೆ ಗೊತ್ತಾಯ್ತೇ?”

ಅಷ್ಟು ಹೇಳಿ ಬೀರುವಿನಿಂದ ಉದ್ದನೆಯ ರೂಲು ನೋಟ್‌ಬುಕ್ಕು ತೆಗೆದರು. ಟೈಪಿಂಗ್ ಪರೀಕ್ಷೆಯಲ್ಲಿ ಕಾಗದದ ಜೊತೆ ಒಂದು ಸ್ಟೇಟ್‌ಮೆಂಟ್, ಅಂದರೆ ಪಟ್ಟಿ, ಕೊಡುತ್ತಿದ್ದರು, ಗೆರೆಯಿಂದ ಗೆರೆಗೆ ಅಳೆದು ಕಾಲಮ್ಮು ಹೊಂದಿಸಿ ಹೊಡೆಯಬೇಕು. ಅದೇ ರೀತಿಯಲ್ಲಿ ಮೇಡಂ ಒಂದು ತಿಂಗಳು ತಮ್ಮ ಸೋಲುಗಳನ್ನು ಬರೆದಿಟ್ಟಿದ್ದರು. ಮೊದಲ ಕಾಲಮ್ಮಿನಲ್ಲಿ ಯಾವ ಯುದ್ಧ ಎಂಬುದು. ಎರಡನೆಯದರಲ್ಲಿ ಯೋಚನೆ ತಪ್ಪಿ ಸೋತದ್ದು. ಮೂರನೆಯದರಲ್ಲಿ ಯೋಚನೆ ಸರಿಯಿದ್ದೂ ಬೆರಳು ತಡವಾಗಿ ಸೋತದ್ದು. ಎರಡನೇ ಕಾಲಮ್ಮಿನಲ್ಲಿ ಅಲ್ಲೊಂದು ಇಲ್ಲೊಂದು ಗೀಟು. ಮೂರನೆಯದು ತುಂಬಿ ಪುಟದ ಅಂಚಿಗೆ ಬಂದಿತ್ತು.

“ಕೂತ್ಕೋ. ಆಟ ಮಾಡಿದ ಕಂಪನಿಗೆ ಒಂದು ಕಾಗದ ಹೊಡೀಬೇಕು. ನಾನು ಹೇಳ್ತೀನಿ.”

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಮಾನ್ಯರೇ ಎಂದು ಶುರು, ಅದರ ಕೆಳಗೆ ವಿಷಯ, ಉಲ್ಲೇಖ, ಕೊನೆಗೆ ಲಗತ್ತು: ಸ್ಟೇಟ್‌ಮೆಂಟ್ ಒಂದು. ತಾಲ್ಲೂಕು ಕಚೇರಿಗೆ ಬರೆದ ಹಾಗೆ. ನಡುವಿನ ಮಾತು ಕನ್ನಡದಲ್ಲಿ ಹೀಗಾಗುತ್ತದೆ: “ಹಳೆಯ ಯುದ್ಧವನ್ನು ವಾಪಸ್ ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೊಸದು ಸೊಗಸಾಗಿದೆ. ರಾಕ್ಷಸನ ಬಲವನ್ನು ಕಡಿಮೆ ಮಾಡುವುದೂ ಬೇಡ. ನಾನು ಯೋಚಿಸಿದ್ದನ್ನು ಒತ್ತುವಷ್ಟು ಸಮಯ ಕೊಡಿ. ಎರಡನೇ ಕಾಲಮ್ಮಿನ ಸೋಲಿಗೆ ನಾನು ಜವಾಬ್ದಾರಳು. ಮೂರನೆಯದಕ್ಕೆ ನೀವು ಉತ್ತರ ಕೊಡಬೇಕು.”

ನಾನು ಹೊಡೆಯುತ್ತಿದ್ದಂತೆ ಮೇಡಂ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. “ಅಲ್ಲಿ ತಪ್ಪಿದೆ, ನೋಡ್ಕೋ.” ನೋಡಿದೆ. ತಪ್ಪಿತ್ತು.

ಪತ್ರದ ನಕಲನ್ನು ಗುಂಪಿಗೂ ಹಾಕಿಸಿದರು. ಅವತ್ತೆಲ್ಲ ನಗುವೋ ನಗು. “ಯಾರ್ಲಾ ಇದು, ಡಿಸಿ ಆಫೀಸಿಗೆ ಅರ್ಜಿ ಕೊಟ್ಟವ್ನೆ!” “ಸ್ಟ್ಯಾಂಪ್ ಅಂಟಿಸಿದ್ಯಾ ಮಗಾ?” ಆದರೆ ಸ್ಟೇಟ್‌ಮೆಂಟನ್ನು ಜನ ಓದಿದ್ದರು. ಎರಡನೇ ದಿನ ಒಬ್ಬ ತನ್ನ ಸೋಲುಗಳನ್ನೂ ಅದೇ ಮೂರು ಕಾಲಮ್ಮಿನಲ್ಲಿ ಬರೆದು ಹಾಕಿದ. ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲವಂತೆ. ಆಮೇಲೆ ಇನ್ನೊಬ್ಬಳು. ಹಳೆಯದು ಹೊಸದು ಎಂಬ ಜಗಳ ಅಲ್ಲಿಗೇ ತಣ್ಣಗಾಗಿ, ಎಲ್ಲರೂ ತಾವು ಸೋತದ್ದು ಯಾಕೆ ಎಂದು ಲೆಕ್ಕ ಹಾಕತೊಡಗಿದರು. ಆ ಪಟ್ಟಿಗಳನ್ನೆಲ್ಲ ಮೇಡಂ ನನ್ನಿಂದ ಒಂದೇ ಅಳತೆಗೆ ಹೊಡೆಸಿ ಕಂಪನಿಗೆ ಕಳಿಸಿದರು.

ಕುಣಿಗಲ್ಲಿನವನು ಪಟ್ಟಿ ಹಾಕಲಿಲ್ಲ. ಪತ್ರದ ಮೇಲಿದ್ದ ವಿಳಾಸ ಹಿಡಿದು ಒಂದು ಭಾನುವಾರ ಬೈಕಿನಲ್ಲಿ ಗುಬ್ಬಿಗೇ ಬಂದುಬಿಟ್ಟ. ಟೈಲ್ಸ್ ಅಂಗಡಿ ಇಟ್ಟಿದ್ದ, ಮೂವತ್ತು ದಾಟಿದ ಗಟ್ಟಿ ಆಳು. ಬಾಗಿಲು ತೆಗೆದ ಮೇಡಂ ಅವರ ನರೆತ ತಲೆ, ಕೈ ಬೆರಳು, ಬಳೆ ಎಲ್ಲ ನೋಡಿ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ನಿಂತ.

“ಇಲ್ಲಿ... ಗೇಮ್ ಆಡೋರು...”

“ನಾನೇ.”

“ಮೇಡಂ, ಅವತ್ತು ಮಗಾ ಅಂತ ಬರೆದಿದ್ದು ನಾನು.”

“ಗೊತ್ತಾಯ್ತು ಬುಡಪ್ಪ. ಊಟದ ಹೊತ್ತಿಗೆ ಬಂದಿದೀಯ, ಕಾಲು ತೊಳ್ಕೊಂಡು ಒಳಗೆ ಬಾ.”

ಮುದ್ದೆ ಉಣ್ಣುತ್ತಾ ಅವನು ತಲೆ ಎತ್ತಲೇ ಇಲ್ಲ. ಹೊರಡುವಾಗ ಮಾತ್ರ, “ಆ ಸೇತುವೆ ಮೇಲಿನೋನು ಎಡಗಡೆಯಿಂದ್ಲೇ ಹೊಡೆಯೋದು ಮೇಡಂ, ಗಮನಿಸಿದೀರಾ?” ಎಂದ. “ನೋಟ್‌ಬುಕ್ಕಿನಲ್ಲಿ ಬರ್ಕೊಂಡಿದೀನಿ,” ಎಂದರು ಮೇಡಂ. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅವನದು ತಿಂಗಳಿಗೊಂದು ಭೇಟಿ ಕಾಯಂ ಆಯಿತು.

ಕಂಪನಿಯಿಂದ ಉತ್ತರ ಬರಲು ಬಹಳ ದಿನ ಹಿಡಿಯಿತು. ಬಂದದ್ದು ಎರಡೇ ಸಾಲು. ಒಂದು ಕೀಲಿ ಒತ್ತಿ ಹಿಡಿದರೆ ಯುದ್ಧ ನಿಲ್ಲುವ ಹಾಗೆ ಮಾಡಿದರೆ ಅನುಕೂಲವೋ, ಇಡೀ ಯುದ್ಧದ ವೇಗ ತಗ್ಗಿಸುವುದು ಅನುಕೂಲವೋ ಎಂದು ಕೇಳಿದ್ದರು.

“ಪ್ರಶ್ನೆ ಕೇಳಿದಾರೆ ಅಂದ್ರೆ ಓದಿದಾರೆ,” ಎಂದರು ಮೇಡಂ. ಕೀಲಿ ಒತ್ತಿ ಹಿಡಿಯುವುದು ಈ ಬೆರಳಿಗೆ ಆಗುವುದಿಲ್ಲ, ವೇಗ ತಗ್ಗಿಸುವುದೇ ಸರಿ ಎಂದು ಅವತ್ತೇ ಉತ್ತರ ಹೊಡೆಸಿದರು.

ಅವರೆಕಾಯಿ ಕಾಲದಲ್ಲಿ ಬದಲಾವಣೆ ಬಂತು. ಆಟದ ಸೆಟ್ಟಿಂಗಿನೊಳಗೆ ಒಂದು ಹೊಸ ಸಾಲು: ಯುದ್ಧದ ವೇಗ. ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು, ರಾಕ್ಷಸನ ಬಲ, ಕುಯುಕ್ತಿ ಎಲ್ಲ ಇದ್ದ ಹಾಗೇ. ಮೇಡಂ ಕಂಪ್ಯೂಟರಿನ ಮುಂದೆ ಕೂತರು. ನಾನು ಪಕ್ಕದಲ್ಲಿ ಬೋಗುಣಿ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಾ ಕೂತೆ. ಸೇತುವೆಯ ಮೇಲೆ ರಾಕ್ಷಸ ನೀರಿನೊಳಗೆ ನಡೆದ ಹಾಗೆ ಬಂದ. ಮೇಡಂ ಸರಿದರು, ಗುರಾಣಿ ಎತ್ತಿದರು, ಹೊಡೆದರು. ನನ್ನ ಕೈಯ ಕಾಳು ಅಲ್ಲೇ ನಿಂತಿತು. ಅಷ್ಟರಲ್ಲಿ ಅವನು ಬಾಲ ಬೀಸಿದ. ಕತ್ತಿಯವಳು ಹೊಳೆಗೆ ಬಿದ್ದಳು.

ಸೋತರು. ಮೇಡಂ ನನ್ನ ಕಡೆ ತಿರುಗಿದರು. ಮುಖವೆಲ್ಲ ಬೆಳಗುತ್ತಿತ್ತು.

“ನೋಡಿದ್ಯೇನೇ? ಬಾಲ ಇದೆ ಅನ್ನೋದೇ ಮರೆತುಬಿಟ್ಟೆ! ಈ ಸೋಲು ಪೂರ್ತಿ ನಂದೇ!”

ಆ ನೋಟ್‌ಬುಕ್ಕು ತರಿಸಿ, ಎರಡನೇ ಕಾಲಮ್ಮಿನಲ್ಲಿ ತಾವೇ, ಸೊಟ್ಟ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಒಂದು ಗೀಟು ಹಾಕಿದರು. ಟೈಪಿಂಗಿನಲ್ಲಿ ಯಾರಾದರೂ ಫಸ್ಟ್ ಕ್ಲಾಸು ಬಂದಾಗಲೂ ಅವರು ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ. ಸೇತುವೆ ದಾಟಿದ್ದು ಮುಂದಿನ ವಾರ. ಮಗು ಸಿಕ್ಕಿದ್ದು ಇನ್ನೂ ಎಷ್ಟೋ ತಿಂಗಳ ಮೇಲೆ. ಒಂದು ಕೀಲಿಯನ್ನೂ ಯಾರೂ ಒತ್ತಿಕೊಡಲಿಲ್ಲ.

ಕೊನೆಯ ವರ್ಷ ಅವರು ಕುಣಿಗಲ್ಲಿನ ತಂಗಿಯ ಮನೆಯಲ್ಲಿದ್ದರು. ಕಂಪ್ಯೂಟರನ್ನು ಟೈಲ್ಸ್ ಅಂಗಡಿಯವನೇ ತನ್ನ ಗಾಡಿಯಲ್ಲಿ ಸಾಗಿಸಿದ. ಹೋದ ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು. ಯಾರೂ ಬಿಡಿಸಿ ನೆಟ್ಟಗೆ ಮಾಡಲು ಹೋಗಿರಲಿಲ್ಲ, ಅದೊಂದು ಸಮಾಧಾನ.

ಮೊನ್ನೆ ಕಾಲೇಜಿನ ಕಚೇರಿಯಲ್ಲಿ ಟೀ ಹೊತ್ತು. ಹೊಸದಾಗಿ ಅಡ್ಮಿಷನ್ ವಿಭಾಗಕ್ಕೆ ಬಂದವರೊಬ್ಬರು ಫೋನಿನಲ್ಲಿ ಗೆಳೆಯನ ಜೊತೆ ಅದೇ ಆಟದ ಮಾತಾಡುತ್ತಿದ್ದರು. ಫೋನಿಟ್ಟ ಮೇಲೆ, ನನಗೇನೂ ತಿಳಿಯದೆಂದುಕೊಂಡು ವಿವರಿಸಿದರು.

“ಒಳ್ಳೆ ಗೇಮ್ ಮೇಡಂ. ಆದ್ರೆ ಅದರಲ್ಲಿ ಸ್ಪೀಡ್ ಕಮ್ಮಿ ಮಾಡ್ಕೊಳೋ ಆಪ್ಷನ್ ಕೊಟ್ಟವ್ರೆ. ಯಾರೋ ಕೈಲಾಗ್ದೋರು ಅತ್ತೂ ಕರೆದೂ ಹಾಕ್ಸವ್ರೆ.”

ನಾನು ಲೋಟ ಕೆಳಗಿಟ್ಟೆ.

“ಯಾರೂ ಅತ್ತಿಲ್ಲ ಕಣಪ್ಪ,” ಎಂದೆ. “ನಮ್ಮ ಮೇಡಂ ಕಾಗದ ಬರೆಸಿದ್ರು. ಟೈಪ್ ಹೊಡೆದಿದ್ದು ನಾನು.”