ರುಕ್ಮಯ್ಯ ವಕೀಲರು ಕೇಳದ ಕ್ಯಾಸೆಟ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ವಕೀಲರ ಕಚೇರಿಯಲ್ಲಿ ಹಕ್ಕು ಎಂಬ ಮಾತು ಬಂದರೆ ಅದು ಜಾಗದ ಹಕ್ಕು, ದಾರಿಯ ಹಕ್ಕು, ತೋಡಿನ ನೀರಿನ ಹಕ್ಕು ಎಂದೇ ಬಹುಕಾಲ ಅರ್ಥವಿತ್ತು. ಹಾಡಿಗೂ ನಾಟಕಕ್ಕೂ ಒಡೆಯರಿರುತ್ತಾರೆ, ಅವರ ಒಪ್ಪಿಗೆಯಿಲ್ಲದೆ ಅವನ್ನು ಮುಟ್ಟಬಾರದು ಎಂಬ ವಿಚಾರವನ್ನು ನಮ್ಮ ವಕೀಲರ ಸಂಘದಲ್ಲಿ ಮೊದಲು ಗಂಭೀರವಾಗಿ ಹಿಡಿದವರು ಲಾಯಿಲದ ಶ್ರೀ ರುಕ್ಮಯ್ಯನವರು. ಎಪ್ಪತ್ತು ತುಂಬಿದ ಈ ವರ್ಷ ಅವರು ಬಂಟ್ವಾಳ ಪೇಟೆಯ ಕಚೇರಿಯ ಬಾಗಿಲು ಹಾಕಿ ವಿಶ್ರಾಂತಿಗೆ ಹೊರಟಿದ್ದಾರೆ. ಅವರ ಕೈಕೆಳಗೆ ಕಲಿತ ನನಗೆ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಸಿಕ್ಕಿರುವುದು ಭಾಗ್ಯವೇ ಸರಿ.

ಅವರೂ ಆರಂಭದಲ್ಲಿ ಜಾಗದ ವ್ಯಾಜ್ಯಗಳನ್ನೇ ನಡೆಸಿದವರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೂಡುಬಿದಿರೆಯ ಡೊಂಬಯ್ಯ ಮಾಸ್ತರರು ಬರೆದ ತುಳು ನಾಟಕವೊಂದನ್ನು ಒಂದು ತಂಡದವರು ಹೆಸರು ಬದಲಿಸಿ ಊರೂರಲ್ಲಿ ಆಡತೊಡಗಿದರು. ಮಾಸ್ತರರು ಅಳುಮುಖ ಮಾಡಿಕೊಂಡು ಬಂದಾಗ, ಉಳಿದವರೆಲ್ಲ ನಕ್ಕು ಕಳಿಸಿದ್ದ ಆ ದೂರನ್ನು ರುಕ್ಮಯ್ಯನವರು ಕೈಗೆತ್ತಿಕೊಂಡರು. ದಾವೆ ಹೂಡಲಿಲ್ಲ. ತಂಡದ ಯಜಮಾನರ ಅಂಗಡಿಗೆ ಹೋಗಿ, ಕುರ್ಚಿ ಎಳೆದು ಕೂತರು. "ಕೋರ್ಟು ಎಲ್ಲಿಗೂ ಓಡಿ ಹೋಗುವುದಿಲ್ಲ ಮಾರಾಯ್ರೆ. ಮೊದಲು ನಾವು ಮಾತಾಡುವ" ಎಂದರು. ಮುಂದಿನ ಪ್ರಯೋಗದಿಂದ ಪರದೆ ಏಳುವ ಮೊದಲು ಮಾಸ್ತರರ ಹೆಸರನ್ನು ಮೈಕಿನಲ್ಲಿ ಹೇಳಿದರು. ಅಂದಿನಿಂದ ಸಂಘದಲ್ಲಿ ನಮ್ಮ ಸರ್‌ಗೆ 'ನಾಟಕದ ವಕೀಲರು' ಎಂಬ ಬಿರುದು ಅಂಟಿತು. ಅವರು ಅದನ್ನು ಸಂತೋಷದಿಂದಲೇ ಹೊತ್ತರು. ಬರೆದವನ ಹೆಸರು ಮೊದಲು, ಮಿಕ್ಕದ್ದೆಲ್ಲ ಆಮೇಲೆ ಎಂಬುದು ಅವರ ಕೆಲಸದ ಕ್ರಮವಾಯಿತು.

ನಾನು ಅವರ ಕಚೇರಿ ಸೇರಿದ್ದು ೧೯೯೪ರಲ್ಲಿ. ಬ್ಯಾರಿ ಮುಸ್ಲಿಂ ಮನೆತನದ ಹುಡುಗಿ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವುದೆಂದರೆ ನಮ್ಮ ಕೇರಿಯಲ್ಲಿ ಆಗ ದೊಡ್ಡ ಸುದ್ದಿ. ನನ್ನ ತಂದೆಯವರಿಗೆ ಆಸೆಯೂ ಇತ್ತು, ಅಂಜಿಕೆಯೂ ಇತ್ತು. ರುಕ್ಮಯ್ಯನವರು ಪತ್ನಿ ನೀಲಾವತಿ ಅಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. "ಜಸೀಲಾ ನಮ್ಮ ಮನೆಯ ಹುಡುಗಿಯ ಹಾಗೆ ಇರ್ತಾಳೆ. ಬೇಕಿದ್ದರೆ ನೀವೇ ಬಂದು ಕೂತು ನೋಡಿ" ಎಂದರು. ತಂದೆಯವರು ಒಂದು ವಾರ ನಿಜವಾಗಿಯೂ ಬಂದು ಕೂತರು! ಸರ್ ದಿನಾ ಅವರಿಗೆ ಚಹಾ ತರಿಸಿ, ಪೇಪರ್ ಕೊಟ್ಟು, ಬೇಸರಿಸದೆ ಸಹಿಸಿಕೊಂಡರು. ನನ್ನ ವೃತ್ತಿಯ ಹಾದಿ ತೆರೆದದ್ದು ಆ ಒಂದು ವಾರದ ತಾಳ್ಮೆಯಿಂದ. ಆ ಋಣವನ್ನು ತೀರಿಸುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಅವರ ದೊಡ್ಡತನ ನನಗೆ ಪೂರ್ತಿಯಾಗಿ ತಿಳಿದದ್ದು ಜೈನಬಮ್ಮನ ಪ್ರಕರಣದಲ್ಲಿ. ಬಂಟ್ವಾಳದ ಜೈನಬಮ್ಮ ನಮ್ಮ ಮದುವೆಗಳಲ್ಲಿ, ಮದರಂಗಿಯ ದಿನ, ಹೆಂಗಸರ ಕೋಣೆಯಲ್ಲಿ ಹಾಡುವವರು. ಮದುಮಗಳನ್ನು ನೋಡಿ, ಅವಳ ಮನೆಯವರ ಕಾಲೆಳೆದು, ಅಲ್ಲೇ ಹಾಡು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಆ ಸ್ವರ ಆ ಕೋಣೆಯ ಹೆಂಗಸರಿಗೆ ಮಾತ್ರ. ಹೊಸ್ತಿಲಿನಾಚೆಗೆ ಗಂಡಸರಿದ್ದರೆ ಅವರು ಬಾಯಿ ತೆರೆಯುತ್ತಿರಲಿಲ್ಲ.

ಒಂದು ಮದುವೆಯಲ್ಲಿ ಮದುಮಗಳ ಅಕ್ಕ ಖದೀಜ ಇಡೀ ಮದರಂಗಿಯನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು, ರಜೆ ಸಿಗದೆ ದುಬೈಯಲ್ಲೇ ಉಳಿದಿದ್ದ ತಮ್ಮನಿಗೆ ಕ್ಯಾಸೆಟ್ ಕಳಿಸಿದಳು. ಮದುವೆಗೆ ಬರಲಾಗದವರಿಗೆ ಹೀಗೆ ಮದುವೆಯ ಸದ್ದನ್ನು ಕಳಿಸುವುದು ಆಗ ನಮ್ಮಲ್ಲಿ ರೂಢಿ. ಪಾಪ, ಪ್ರೀತಿಯಿಂದ ಮಾಡಿದ ಕೆಲಸ. ಆ ಹುಡುಗ ಊರ ನೆನಪಲ್ಲಿ ಕೋಣೆಯ ಗೆಳೆಯರಿಗೆ ಕೇಳಿಸಿದ, ಗೆಳೆಯನೊಬ್ಬ ಪ್ರತಿ ಮಾಡಿಕೊಂಡ. ವರ್ಷ ಕಳೆಯುವುದರೊಳಗೆ ಅದು ಊರಿಗೆ ವಾಪಸು ಬಂದು, ಗುಲಾಬಿ ಚಿತ್ರದ ಹೊದಿಕೆ ತೊಟ್ಟು, ಹಾಡು ಕಟ್ಟಿದವನೆಂದು ಯಾರೋ ಗಂಡಸಿನ ಹೆಸರು ಹೊತ್ತು ಬಿ.ಸಿ.ರೋಡಿನ ಕ್ಯಾಸೆಟ್ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಜೈನಬಮ್ಮ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಡ್ರೈವರನ ತಲೆಯ ಮೇಲಿನ ಪೆಟ್ಟಿಗೆಯಿಂದ ಅವರದೇ ಸ್ವರ ಹಾಡತೊಡಗಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ನಡೆದೇ ಹೋದರು. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ.

ನಾನೇ ಅವರನ್ನು ಒತ್ತಾಯಿಸಿ ಕಚೇರಿಗೆ ಕರೆತಂದೆ. ಹಾಡುಗಾರರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕುಂಟು ಎಂಬ ತಿದ್ದುಪಡಿ ಕೃತಿಸ್ವಾಮ್ಯದ ಕಾಯ್ದೆಗೆ ಆಗಷ್ಟೇ ಬಂದಿತ್ತು. ಸರ್ ಉತ್ಸಾಹದಿಂದ ಆ ಅಂಗಡಿಯವನಿಗೆ ನೋಟೀಸು ಬರೆಸಿದರು. ತಮ್ಮ ಕ್ರಮದಂತೆ ಮೊದಲ ಬೇಡಿಕೆ: ಕ್ಯಾಸೆಟ್ಟಿನ ಮೇಲೆ ಜೈನಬಮ್ಮನ ಹೆಸರು ಹಾಕಬೇಕು. ಓದಿ ಹೇಳಿದಾಗ ಜೈನಬಮ್ಮ ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಎಳೆದುಕೊಂಡರು.

"ವಕೀಲರೇ, ಅವ ನನ್ನ ಸ್ವರ ತೆಗೊಂಡು ಹೋದ. ಹೆಸರೊಂದು ಉಳಿದಿತ್ತು. ಅದನ್ನು ನೀವು ಬೀದಿಗೆ ಹಾಕ್ತೀರಾ?"

ನನಗೆ ಕಸಿವಿಸಿಯಾಯಿತು. ಸರ್ ಮಾತ್ರ ನೋಟೀಸನ್ನು ಅಡ್ಡಕ್ಕೆ ಹರಿದು, "ತಪ್ಪಾಯ್ತು ಅಮ್ಮ. ಬರೆದವರಿಗೆಲ್ಲ ಹೆಸರೇ ಬೇಕಾಗುವುದು ಅಂತ ಗ್ರಹಿಸಿದ್ದೆ. ನಿಮಗೆ ಏನು ಬೇಕು, ಹೇಳಿ" ಎಂದರು.

"ಅದು ನಿಲ್ಲಬೇಕು. ಮತ್ತೇನೂ ಬೇಡ."

ಕಷ್ಟವಿದ್ದದ್ದು ಅಲ್ಲೇ. ನಿಲ್ಲಿಸಲು ದಾವೆ ಹೂಡಿದರೆ ಮಂಗಳೂರಿನ ಕೋರ್ಟಿನಲ್ಲಿ ಅವರು ಎದ್ದು ನಿಂತು ಇದು ನನ್ನ ಸ್ವರ ಎನ್ನಬೇಕು. ತುಂಬಿದ ಸಭೆಯಲ್ಲಿ ಕ್ಯಾಸೆಟ್ ಹಾಕಿ ಕೇಳಿಸಬೇಕು. ಯಾವುದರಿಂದ ಅವರಿಗೆ ರಕ್ಷಣೆ ಬೇಕಿತ್ತೋ ಅದನ್ನೇ ಕಾನೂನು ಅವರಿಂದ ಕೇಳುತ್ತಿತ್ತು. ಕಾನೂನು ಓದಿದ ನನಗೆ ಅಂದು ಕಾನೂನಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೆಯ ದಿನ ಬೆಳಿಗ್ಗೆ ಸರ್ ನನ್ನನ್ನು ಕರೆದುಕೊಂಡು ಆ ಅಂಗಡಿಗೆ ನಡೆದರು. ಆ ಕ್ಯಾಸೆಟ್ಟನ್ನು ಪ್ರತಿ ಮಾಡಿಸಿ ಬೇರೆ ಅಂಗಡಿಗಳಿಗೂ ಕೊಡುತ್ತಿದ್ದ ಯಜಮಾನ ಫಯಾಝ್ ಕೆಟ್ಟವನಲ್ಲ, ಬರೀ ವ್ಯಾಪಾರಿ. ಜೈನಬಮ್ಮನ ಹೆಸರೆತ್ತದೆ ವಿಷಯ ತಿಳಿಸಿದಾಗ ಅವನು, "ಅಯ್ಯೋ, ಹೆಸರು ಹಾಕ್ತೇನೆ ಸರ್, ದೊಡ್ಡ ಅಕ್ಷರದಲ್ಲೇ ಹಾಕ್ತೇನೆ. ನೀವೊಮ್ಮೆ ಕೇಳಿ, ಎಂಥ ಸ್ವರ ಉಂಟು ನೋಡಿ" ಎನ್ನುತ್ತ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿಯೇ ಬಿಟ್ಟ. ಸರ್ ಕೈ ಚಾಚಿ ಅವನ ಬೆರಳನ್ನು ತಡೆದರು.

"ಬೇಡ. ನಾನು ಕೇಳಲಿಲ್ಲ, ಕೇಳುವುದೂ ಇಲ್ಲ."

"ಕೇಳದೆ ಕೇಸು ನಡೆಸ್ತೀರಾ?"

"ಅವರು ನನಗೆ ಕೇಳಲಿಕ್ಕೆ ಕೊಡಲಿಲ್ಲ. ನಿಮಗೂ ಕೊಡಲಿಲ್ಲ." ಆಮೇಲೆ ಕ್ಯಾಸೆಟ್ಟನ್ನು ಹೊರತೆಗೆದು ಅವನ ಕೈಗಿಟ್ಟು ಕೇಳಿದರು: "ಫಯಾಝ್, ಇದನ್ನು ನಿಮ್ಮ ಉಮ್ಮನಿಗೆ ಕೇಳಿಸಿದ್ದೀರಾ?"

"ಇಲ್ಲ."

"ಕೇಳಿಸಿ ಬನ್ನಿ. ನಾವು ಇಲ್ಲೇ ಕೂತಿರ್ತೇವೆ."

ಫಯಾಝ್ ಗೊಣಗುತ್ತ ಮನೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ರಿಕ್ಷಾ ನಿಂತಿತು. ಇಳಿದದ್ದು ಅವನ ತಾಯಿ ಜುಲೈಕಾ. ಅವರ ಹಿರಿ ಮಗಳ ಮದರಂಗಿಗೆ ಹಾಡಿದ್ದು ಜೈನಬಮ್ಮನೇ. ಊರಿನ ಗಂಡಸರಾರೂ ಗುರುತಿಸದ ಸ್ವರವನ್ನು ಆ ತಾಯಿ ಮೊದಲ ಸಾಲಿನಲ್ಲೇ ಗುರುತಿಸಿದ್ದರು. ಅವರು ಅಂಗಡಿಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಗೋಣಿಗೆ ತುಂಬಿಸಿದರು. ಮೂಲ ಪ್ರತಿಯನ್ನು ಜೈನಬಮ್ಮನಿಗೆ ಒಪ್ಪಿಸಲೆಂದು ನನ್ನ ಕೈಗಿತ್ತರು. ಆಮೇಲೆ ಮಗನನ್ನು ಅದೇ ರಿಕ್ಷಾದಲ್ಲಿ ಕೂರಿಸಿಕೊಂಡು ಮೂಡುಬಿದಿರೆ, ಬೆಳ್ತಂಗಡಿಯ ಅಂಗಡಿಗಳಿಗೂ ಹೋಗಿ ಉಳಿದ ಸರಕನ್ನು ಹಿಂದಕ್ಕೆ ತಂದರು. ಯಾವ ಕೋರ್ಟಿನ ಅಮೀನನೂ ಅಷ್ಟು ಚುರುಕಾಗಿ ಜಪ್ತಿ ಮಾಡಿದ್ದನ್ನು ನಾನು ಕಂಡಿಲ್ಲ.

ಮಾರಾಟವಾಗಿ ಹೋದವು ಹೋದವೇ. ಅವನ್ನು ಹಿಂದಕ್ಕೆ ತರಲಾಗದು ಎಂದು ಸರ್ ಜೈನಬಮ್ಮನಿಗೆ ಮುಚ್ಚಿಡದೆ ಹೇಳಿದರು. ಕೆಲವು ತಿಂಗಳು ಕಳೆದು ಜುಲೈಕಾ ತಮ್ಮ ಕಿರಿ ಮಗಳ ಮದುವೆಗೆ ಕರೆಯಲು ಅವರ ಮನೆಗೆ ಹೋದರು. ಜೈನಬಮ್ಮ ಬಂದರು, ಬಹಳ ಹೊತ್ತು ಸುಮ್ಮನೆ ಕೂತರು, ಕೊನೆಗೆ ಹಾಡಿದರು. ನಾನು ಅಲ್ಲಿದ್ದೆ. ಅತ್ತುಬಿಟ್ಟೆ.

ಆಮೇಲಿನ ವರ್ಷಗಳಲ್ಲಿ ಸರ್ ಬಳಿಗೆ ಲೇಖಕರು, ಭಜನೆ ಕಟ್ಟುವವರು, ಪುಸ್ತಕ ಅಚ್ಚು ಹಾಕುವವರು ಬರುತ್ತಲೇ ಇದ್ದರು. ಯಾರೇ ಬರಲಿ, ಅವರ ಮೊದಲ ಮಾತು "ನಿಮಗೆ ಏನು ಬೇಕು, ಹೇಳಿ" ಎಂಬುದೇ. ಸಿ.ಡಿ. ಬಂತು, ಮೊಬೈಲು ಬಂತು. ನಕಲು ಮಾಡುವುದು ಸುಲಭವಾದಷ್ಟೂ ಅವರ ಕೆಲಸ ಕಷ್ಟವಾಯಿತು. ಆ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಈಗ ನನ್ನದೇ ಕಚೇರಿಯಲ್ಲಿ ನಾನೂ ಅದನ್ನೇ ಕೇಳುತ್ತೇನೆ.

ಈ ಸಂಪುಟದ ಸುದ್ದಿ ತಿಳಿಸಲು ಕಳೆದ ತಿಂಗಳು ಜೈನಬಮ್ಮನ ಮನೆಗೆ ಹೋಗಿದ್ದೆ. ಅವರಿಗೀಗ ಕಣ್ಣು ಮಂಜು, ಸ್ವರ ಮಾತ್ರ ಹಾಗೆಯೇ ಉಂಟು. ವಕೀಲರ ಮೇಲೆ ಒಂದು ಹಾಡು ಕಟ್ಟಿದ್ದಾರಂತೆ. ಅದನ್ನು ಅಚ್ಚು ಹಾಕಬಹುದೇ ಎಂದು ಕೇಳಿದೆ. "ಬೇಡ ಮಗಳೇ" ಎಂದರು. ಹಾಗಾದರೆ ಅವರಿಗಾದರೂ ಒಮ್ಮೆ ಕೇಳಿಸುತ್ತೀರಾ ಎಂದೆ.

"ಅವರಿಗೆ ಹೇಗೆ ಕೇಳಿಸುವುದು? ಅವರ ಹೆಂಡತಿಯನ್ನು ಕರ್ಕೊಂಡು ಬಾ."

ನೀಲಾವತಿ ಅಮ್ಮ ಹೋದರು, ಬಾಗಿಲು ಹಾಕಿಕೊಂಡು ಇಡೀ ಹಾಡು ಕೇಳಿದರು. ಸರ್ ಹೊರಗೆ ರಸ್ತೆಯಲ್ಲಿ, ಸದ್ದು ತಲುಪದಷ್ಟು ದೂರದಲ್ಲಿ, ಕಾರಿನ ಪಕ್ಕ ಕಾದು ನಿಂತಿದ್ದರು. ಅಮ್ಮ ಕಣ್ಣೊರೆಸಿಕೊಂಡು ಬಂದಾಗ ಅವರು ಕೇಳಿದ್ದು ಒಂದೇ: "ಚಂದ ಉಂಟಾ?"

ಹಾಗಾಗಿ ನಮ್ಮ ಗುರುಗಳನ್ನು ಕುರಿತ ಅತ್ಯುತ್ತಮ ರಚನೆ ಈ ಸಂಪುಟದಲ್ಲಿಲ್ಲ, ಓದುಗರು ಕ್ಷಮಿಸಬೇಕು. ಅವರಿಗೂ ನೀಲಾವತಿ ಅಮ್ಮನಿಗೂ ಆಯುರಾರೋಗ್ಯವಿರಲಿ. ಸಲಹೆ ಬೇಡಿ ನಾವು ಲಾಯಿಲದ ಮನೆಯ ಬಾಗಿಲು ತಟ್ಟಿದಾಗಲೆಲ್ಲ ಅವರು ಕುರ್ಚಿ ಎಳೆದು ಕೂರುವಂತಿರಲಿ. ಜೈನಬಮ್ಮ ಆ ಹಾಡಿಗೆ ವರ್ಷಕ್ಕೊಂದು ಚರಣ ಸೇರಿಸುತ್ತೇನೆ ಎಂದಿದ್ದಾರೆ. ಅದು ಬಹಳ ಉದ್ದದ ಹಾಡಾಗಲಿ.