ಮುಖ ಬ್ಯಾಡ, ಕೈ ಸಾಕು

ಕೆ.ಆರ್. ಪೇಟೆಯಲ್ಲಿ ಮಹಿಳಾ ಸಂಘದ ಸಭೆ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ ಅಂತ ಬೇಕರಿಯಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಕಾಲೇಜು ಯೂನಿಫಾರ್ಮಿನ ಹುಡುಗಿಯೊಬ್ಬಳು ಹುಟ್ಟುಹಬ್ಬದ ಕೇಕ್ ಮುಂದಿಟ್ಟುಕೊಂಡು, ಫೋನನ್ನು ನೀರಿನ ಜಗ್ಗಿಗೆ ಒರಗಿಸುತ್ತಿದ್ದಳು. ಜೊತೆಗೆ ಯಾರೂ ಇರಲಿಲ್ಲ.

“ಅಕ್ಕ, ನಂಗೆ ಒಸಿ ಕೇಕ್ ತಿನ್ನುಸ್ತೀರಾ? ಮುಖ ಬ್ಯಾಡ, ಕೈ ಮಾತ್ರ ಬಂದ್ರೆ ಸಾಕು.”

ತಿನ್ನಿಸಿದೆ. ಫೋನಿನ ಕಡೆ ತಿರುಗಿ ಜೋರಾಗಿ ನಕ್ಕಳು. ಆಮೇಲೆ ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದಳು.

“ಈಗ ಇನ್ನೊಂದ್ಸಲ ತಿನ್ಸಿ. ಬೇರೆ ಫ್ರೆಂಡು ಅನ್ಕೋತಾರೆ.”

ಮತ್ತೊಂದು ಸಲಕ್ಕೆ ನನ್ನ ಬಳೆ ಮುಚ್ಚುವಂತೆ ತನ್ನ ಸ್ವೆಟರ್ ತೊಡಿಸಿದಳು. ನನ್ನದೊಂದೇ ಕೈ ಮೂವರು ಗೆಳತಿಯರಾಯಿತು.

“ನಿಜವಾದ ಫ್ರೆಂಡ್ಸು ಯಾರೂ ಬರ್ನಿಲ್ವೇನವ್ವ?”

“ಎಲ್ರೂ ವಿಶ್ ಮಾಡಿ ಸ್ಟೇಟಸ್ ಹಾಕವ್ರೆ ಬುಡಿ ಅಕ್ಕ.”

ಮಿಕ್ಕ ಕೇಕನ್ನು ಮುಟ್ಟದೆ, ವಿಡಿಯೋ ಸ್ಟೇಟಸ್ಸಿಗೆ ಹಾಕಿ, ಅದನ್ನು ಯಾರ‍್ಯಾರು ನೋಡಿದರು ಅಂತ ನೋಡುತ್ತಾ ಕೂತಳು. ಬಸ್ಸು ಬಂತು. ವಾಚು, ಸ್ವೆಟರ್ ಬಿಚ್ಚಿ ಕೊಟ್ಟೆ. ಹೊರಡುವಾಗ ಅವಳ ತಲೆ ಸವರಿ, “ನೂರು ಕಾಲ ಚೆನ್ನಾಗಿರವ್ವ” ಅಂದೆ. ಆಗ ಮೊದಲ ಸಲ ನನ್ನ ಮುಖ ನೋಡಿದಳು.

“ಅಕ್ಕ, ಅದ್ನ ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಆಗ್ನಿಲ್ಲ.”

ಹೇಳಿದೆ. ಮುಖ ಬೀಳದ ಹಾಗೆ ನಾನೇ ಪಕ್ಕಕ್ಕೆ ಸರಿದು ನಿಂತಿದ್ದೆ.